ಭಯವನ್ನು ‘ಅಲೇ’ (ಇಂಗ್ಲಿಷಿನ allay) ಮಾಡುವುದೆಂದರೆ ಏನು?

ಪ್ರಶ್ನೆ (ಉಡುಪಿಯ ಅನುವಾದಕಿ):
ಕಡಲ್ಕೊರೆತದ ಬಗ್ಗೆ ಇಂಗ್ಲಿಷಿನಲ್ಲಿ ಬಂದ ಪ್ರಕಟಣೆಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮೀನುಗಾರರ ‘ಫಿಯರ್ಸ್’ ಅನ್ನು ‘ಅಲೇ’ ಮಾಡಲು ಸಭೆ ಕರೆಯಲಾಗಿದೆ ಎಂದು ಅದರಲ್ಲಿದೆ. ‘ಮೀನುಗಾರರನ್ನು ಸಮಾಧಾನಪಡಿಸಲು’ ಎಂದು ನಾನು ಬರೆದಿದ್ದೇನೆ. ‘ಭಯವನ್ನು ಹೋಗಲಾಡಿಸಲು’ ಎಂದಾಗಬೇಕೆಂಬುದು ಸಹೋದ್ಯೋಗಿಯೊಬ್ಬರ ಅಭಿಪ್ರಾಯ. ಯಾವುದು ಸರಿ?

ಉತ್ತರ (ಮಂಗಳೂರಿನ ನಿವೃತ್ತ ಅಧ್ಯಾಪಕ):
ಈ ಕ್ರಿಯಾಪದದ ಕರ್ಮ ಮನುಷ್ಯನಲ್ಲ, ಅವನೊಳಗಿನ ಭಾವ. ಭಯ, ಆತಂಕ, ಸಂಶಯ, ಅನುಮಾನಗಳನ್ನು ‘ಅಲೇ’ ಮಾಡಬಹುದು. ಮೀನುಗಾರರನ್ನೇ ‘ಅಲೇ’ ಮಾಡಲಾಗದು. ವ್ಯಕ್ತಿಗೆ ಧೈರ್ಯ ತುಂಬುವುದಕ್ಕೆ ‘ರೀಅಶೂರ್’ ಎಂಬ ಬೇರೆ ಪದವೇ ಇದೆ. ಹಳೆಯ ಇಂಗ್ಲಿಷಿನಲ್ಲಿ ಕೆಳಗಿಡು, ಬದಿಗಿಡು ಎಂಬ ಅರ್ಥವಿದ್ದ ಈ ಪದ, ಹಗುರಗೊಳಿಸು ಎಂಬರ್ಥದ ಹಳೆಯ ಫ್ರೆಂಚ್ ಪದದೊಡನೆ ಬೆರೆತು ಇಂದಿನ ಅರ್ಥಕ್ಕೆ ಬಂದಿತು. ಹಾಗಾಗಿ ತಗ್ಗಿಸುವುದೇ ಇದರ ಮುಖ್ಯಾರ್ಥ. ಪೂರ್ತಿ ಓಡಿಸುವುದಕ್ಕೆ ‘ಡಿಸ್ಪೆಲ್’ ಹೆಚ್ಚು ಹೊಂದುತ್ತದೆ. ‘ಹೋಗಲಾಡಿಸು’ ತುಸು ಹೆಚ್ಚಾಯಿತು, ‘ಆತಂಕವನ್ನು ಶಮನಗೊಳಿಸಲು’ ಎಂದರೆ ಸಾಕು. ಉಚ್ಚಾರದಲ್ಲಿ ಒತ್ತು ಎರಡನೆಯ ಅಕ್ಷರಕ್ಕೆ. ಓಣಿಗೆ ಹೇಳುವ ‘ಆಲಿ’ ಬೇರೆ.

ಉತ್ತರ (ಕುಂದಾಪುರದ ಓದುಗ):
ಕಿಟೆಲ್ ಅವರ ನಿಘಂಟನ್ನೂ ನೋಡಬಹುದಲ್ಲವೇ?

ಉತ್ತರ (ಮಂಗಳೂರಿನ ನಿವೃತ್ತ ಅಧ್ಯಾಪಕ):
1894ರಲ್ಲಿ ನಮ್ಮೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಆ ನಿಘಂಟು ಕನ್ನಡದಿಂದ ಇಂಗ್ಲಿಷಿಗೆ ಹೋಗುವಂಥದ್ದು. ಇಂಗ್ಲಿಷ್ ಪದವನ್ನು ಅದರಲ್ಲಿ ಹುಡುಕಲಾಗದು. ಆರಿಸಿಕೊಂಡ ಕನ್ನಡ ಪದವನ್ನು ಮತ್ತೊಮ್ಮೆ ತೂಗಿ ನೋಡುವುದಕ್ಕೆ ಅದು ಖಂಡಿತ ಒದಗುತ್ತದೆ.

ಉತ್ತರ (ಮಣಿಪಾಲದ ಉಪಸಂಪಾದಕ):
ಅಧ್ಯಾಪಕರ ಮಾತಿಗೆ ಒಂದು ಸೇರ್ಪಡೆ. ಈ ಕ್ರಿಯಾಪದವು ಭಯವನ್ನು ತಗ್ಗಿಸುವ ಕೆಲಸವನ್ನಷ್ಟೇ ಹೇಳುತ್ತದೆ, ಆ ಭಯಕ್ಕೆ ಕಾರಣವಿದೆಯೋ ಇಲ್ಲವೋ ಎಂಬ ತೀರ್ಪನ್ನು ಕೊಡುವುದಿಲ್ಲ. ಆದರೂ ಕಚೇರಿಗಳಿಂದ ಬರುವ ಪ್ರಕಟಣೆಗಳನ್ನು ಅನುವಾದಿಸುವಾಗ ‘ಅನಗತ್ಯ ಭಯ’ ಅಥವಾ ‘ತಪ್ಪು ಕಲ್ಪನೆಯ ನಿವಾರಣೆ’ ಎಂಬ ಪದಗಳು ತಾವಾಗಿಯೇ ಬಂದು ಕೂರುವುದನ್ನು ಕಂಡಿದ್ದೇನೆ. ಪ್ರತಿ ಮಳೆಗಾಲದಲ್ಲೂ ಅಂಗಳದವರೆಗೆ ಅಲೆ ಬರುವುದನ್ನು ಕಾಣುವವರ ಆತಂಕಕ್ಕೆ ಮೂಲದಲ್ಲಿಲ್ಲದ ವಿಶೇಷಣವನ್ನು ಅನುವಾದಕರು ಹಚ್ಚಬಾರದು. ಅಲ್ಲದೆ ಮೂಲದಲ್ಲಿರುವುದು ಸಭೆಯ ಉದ್ದೇಶ ಮಾತ್ರ. ಅವಸರದ ಶೀರ್ಷಿಕೆಯಲ್ಲಿ ಅದು ‘ಆತಂಕ ಶಮನ’ ಎಂದಾಗಿಬಿಟ್ಟರೆ ನಡೆಯದಿರುವುದನ್ನು ನಡೆದಂತೆ ಬರೆದ ಹಾಗಾಗುತ್ತದೆ.

ಪ್ರಶ್ನೆ ಕೇಳಿದವರು:
ತಮಗೆಲ್ಲರಿಗೂ ಧನ್ಯವಾದಗಳು. ‘ಮೀನುಗಾರರ ಆತಂಕವನ್ನು ಶಮನಗೊಳಿಸುವ ಉದ್ದೇಶದಿಂದ ಸಭೆ ಕರೆಯಲಾಗಿದೆ’ ಎಂದು ತಿದ್ದಿದ್ದೇನೆ. ಶೀರ್ಷಿಕೆಯಲ್ಲಿ ‘ಸಭೆ’ ಎಂದಷ್ಟೇ ಉಳಿಸಿದ್ದೇನೆ.