ಶಾಹನಾಮೆಯ ಸಾಲಿಗೆ ಪ್ರಸ್ತಾರ ಹಾಕಿದರೆ ಒಂದಕ್ಷರ ಕಡಿಮೆ ಬರುತ್ತಿದೆ

ಪ್ರಶ್ನೆ (ಶಿವಮೊಗ್ಗ):
ನಮ್ಮ ಗಮಕ ಕೂಟದಲ್ಲಿ ಫಿರ್ದೌಸಿಯ ಪಾರಸಿ ಮಹಾಕಾವ್ಯ ಶಾಹನಾಮೆಯಿಂದ ಹತ್ತು ದ್ವಿಪದಿ ಪಾರಸಿಯಲ್ಲೇ ವಾಚಿಸಿ, ಕನ್ನಡದಲ್ಲಿ ವ್ಯಾಖ್ಯಾನ ಮಾಡುವುದು ಅಂತ ನಿಶ್ಚಯವಾಗಿದೆ. ಛಂದಸ್ಸು ‘ಮುತಕಾರಿಬ್’, ಸಾಲಿಗೆ 11 ಅಕ್ಷರ. ಮೊದಲ ಸಾಲು ‘ಬ ನಾಮಿ ಖುದಾವಂದಿ ಜಾನು ಖಿರದ್’ ಎಣಿಕೆಗೆ ಸರಿ ಹೋಗುತ್ತೆ, ಆದರೆ ಗುರು ಬೇಕಾದ ಕಡೆ ‘ಮಿ’, ‘ನು’ ಲಘುವಾಗಿವೆ. ‘ಜ಼ಿ ದಾನಿಶ್ ದಿಲಿ ಪೀರ್ ಬುರ್ನಾ ಬುವದ್’ ಎಣಿಸಿದರೆ 10 ಮಾತ್ರ. ಪಾಠ ತಪ್ಪೋ, ಎಣಿಕೆ ತಪ್ಪೋ? ಯಾವ ಮುದ್ರಣ ನಂಬಬಹುದು?

ಉತ್ತರ (ಶೃಂಗೇರಿ):
ಪಾಠ ಸರಿಯಿದೆ, ಎಣಿಕೆಯೇ ತಪ್ಪು. ಈ ಛಂದಸ್ಸು ನಮ್ಮ ಕಡೆಯವರ ಕಿವಿಗೆ ಹೊಸದಲ್ಲ ಮಾರಾಯ್ರೆ. ‘ಭಜೇ ಶಾ | ರದಾಂಬಾ | ಮಜಸ್ರಂ | ಮದಂಬಾಂ’ ಹೇಳಿನೋಡಿ: ಭುಜಂಗಪ್ರಯಾತ, ನಾಲ್ಕು ಯಗಣ (ಲಘು-ಗುರು-ಗುರು), 12 ಅಕ್ಷರ. ಕೊನೆಯ ಗುರುವೊಂದನ್ನು ಬಿಟ್ಟರೆ ಮುತಕಾರಿಬ್‌ನ ನಡೆ ಸಿಕ್ಕಿತು. (ಹಾಗಂತ ಒಂದರಿಂದ ಇನ್ನೊಂದು ಹುಟ್ಟಿತು ಅಂತ ವ್ಯಾಖ್ಯಾನದಲ್ಲಿ ಹೇಳಬೇಡಿ, ನಡೆ ಕೂಡುತ್ತದೆ, ಅಷ್ಟೇ.)

ಎರಡು ಪದಗಳನ್ನು ಬೆಸೆಯುವ ‘ಇ’ ಮತ್ತು ‘ಮತ್ತು’ ಎಂಬರ್ಥದ ‘ಉ’ ಪಾರಸಿಯಲ್ಲಿ ಅಗತ್ಯ ಬಿದ್ದಲ್ಲಿ ಗುರುವಾಗುತ್ತವೆ. ಆದ್ದರಿಂದ: ಬ ನಾ ಮೇ | ಖು ದಾ ವನ್ | ದಿ ಜಾ ನೋ | ಖಿ ರದ್. ‘ವಂದಿ’ಯ ‘ದಿ’ ಮಾತ್ರ ಲಘುವಾಗಿಯೇ ಉಳಿಯಿತು, ಗಮನಿಸಿ.

ಎರಡನೆಯದರಲ್ಲಿ ಎಡವಿದ್ದು ‘ಪೀರ್’ ಹತ್ತಿರ. ಕನ್ನಡದಲ್ಲಾದರೆ ‘ಪೀ’ ಹೇಗೂ ಗುರು, ಮುಂದಿನ ‘ರ್’ ಅದರಲ್ಲೇ ಕರಗಿತು. ಪಾರಸಿಯಲ್ಲಿ ದೀರ್ಘಸ್ವರದ ಮೇಲೆ ವ್ಯಂಜನ ಬಂದು, ಅದರ ಮುಂದೆ ಮತ್ತೊಂದು ವ್ಯಂಜನ ಬಂದರೆ, ಆ ಮೊದಲಿನದು ತಾನೇ ಒಂದು ಲಘುವಿನ ಜಾಗ ತಗೊಳ್ಳುತ್ತೆ. ಜ಼ಿ ದಾ ನಿಶ್ | ದಿ ಲೇ ಪೀ | ರ್ ಬುರ್ ನಾ | ಬು ವದ್. ವಾಚಿಸುವಾಗ ‘ರ್’ ಮೇಲೆ ಒಂದು ಮಾತ್ರೆ ನಿಲ್ಲಿ. ‘ರ’ ಅಂತ ಪೂರ್ತಿ ಸ್ವರ ಕೊಟ್ಟರೆ ಕೇಳುವುದಕ್ಕೆ ಕೆಡುತ್ತೆ.

ಪ್ರಶ್ನೆ ಕೇಳಿದವರು:
ಹಾಗಾದರೆ ‘ಕಜ಼ೀನ್ ಬರ್ತರ್ ಅಂದೀಶ ಬರ್ ನಗ್ಜ಼ರದ್’ನಲ್ಲಿ ‘ಜ಼ೀನ್’ನ ನಕಾರಕ್ಕೂ ಲಘು ಹಾಕಬೇಕಾ?

ಉತ್ತರ (ಶೃಂಗೇರಿ):
ಬೇಡ. ದೀರ್ಘದ ಮೇಲಿನ ‘ನ್’ ಒಂದಕ್ಕೆ ಆ ಲೆಕ್ಕ ಇಲ್ಲ. ಸಾಲಿನ ಕೊನೆಯಲ್ಲೂ ಹೆಚ್ಚುವರಿ ವ್ಯಂಜನ ಎಣಿಸುವುದಿಲ್ಲ. ಕ ಜ಼ೀನ್ ಬರ್ | ತ ರನ್ ದೀ | ಶ ಬರ್ ನಗ್ | ಜ಼ ರದ್. ‘ಬರ್ತರ್’ನ ಕೊನೆಯ ‘ರ್’ ಮುಂದಿನ ‘ಅ’ಕ್ಕೆ ಅಂಟಿಕೊಂಡಿದೆ, ಪದ ಬಿಡಿಸಿ ಓದಿದರೆ ಗಣ ಮುರಿಯುತ್ತೆ.

ಉತ್ತರ (ತೀರ್ಥಹಳ್ಳಿ):
ಮುದ್ರಣದ ಬಗ್ಗೆ: ಖಾಲಿಗಿ ಮುತ್ಲಕ್ ಸಂಪಾದಿಸಿದ ಎಂಟು ಸಂಪುಟ (1988–2008) ತಗೊಳ್ಳಿ. ಕಾವ್ಯ ಮುಗಿದದ್ದು 1010ರಲ್ಲಿ. ತಾರೀಖಿರುವ ಹಸ್ತಪ್ರತಿಗಳಲ್ಲಿ ಅತಿ ಹಳೆಯದು ಫ್ಲಾರೆನ್ಸಿನದು, 1217ರದು, ಅದೂ ಮೊದಲರ್ಧ ಮಾತ್ರ. ಇನ್ನೂರು ವರ್ಷದ ಆ ಅಂತರದಲ್ಲೇ ಪ್ರಕ್ಷಿಪ್ತಗಳು (ಬೇರೆಯವರು ಸೇರಿಸಿದ ಸಾಲುಗಳು) ಸೇರಲು ಎಡೆಯಾಯಿತು, ಆಮೇಲೂ ಸೇರುತ್ತಾ ಹೋದವು. ಫ್ಲಾರೆನ್ಸ್ ಪ್ರತಿ ಬೆಳಕಿಗೆ ಬಂದದ್ದು 1977ರಲ್ಲಿ, ಹಾಗಾಗಿ 1960–71ರ ಮಾಸ್ಕೋ ಆವೃತ್ತಿಗೆ ಅದು ಸಿಕ್ಕಿರಲಿಲ್ಲ. ಆ ಮಾಸ್ಕೋ ಆವೃತ್ತಿಯ ಮುಖ್ಯ ಆಧಾರ ಲಂಡನ್ನಿನ 1276ರ ಪ್ರತಿ. 1829ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾದದ್ದರಲ್ಲಿ ಸೇರ್ಪಡೆಗಳು ಬಹಳ, ವಾಚನಕ್ಕೆ ಬೇಡ.

ರಾಜ ಗುಶ್ತಾಸ್ಪನ ಕಥೆಯ ಭಾಗದಿಂದ ಆರಿಸುವುದಾದರೆ ಎಚ್ಚರ. ಅಲ್ಲಿನ ಸುಮಾರು ಸಾವಿರ ದ್ವಿಪದಿ ದಕೀಕಿಯವು, ಫಿರ್ದೌಸಿಯೇ ಹಾಗೆಂದು ಹೇಳಿ ಸೇರಿಸಿಕೊಂಡದ್ದು. ಆ ಕವಿಯ ಹೆಸರೂ ಸಭೆಯಲ್ಲಿ ಬರಬೇಕು.

ಇನ್ನು ಪ್ರಾಸ: ಎರಡನೇ ಅಕ್ಷರದಲ್ಲಿ ಹುಡುಕಬೇಡಿ, ಅದು ಸಾಲಿನ ಕೊನೆಗಿದೆ. ‘ಖಿರದ್–ನಗ್ಜ಼ರದ್’ ನೇರ ಪ್ರಾಸ. ‘ಜ಼ಿ ದಾನಿಶ್’ನ ಹಿಂದಿನ ಸಾಲು ‘ದಾನಾ ಬುವದ್’ ಅಂತ ಮುಗಿಯುತ್ತೆ; ‘ದಾನಾ ಬುವದ್–ಬುರ್ನಾ ಬುವದ್’ನಲ್ಲಿ ಪ್ರಾಸ ಇರುವುದು ‘ನಾ’ದಲ್ಲಿ, ‘ಬುವದ್’ ಅದರ ಬೆನ್ನಿಗೆ ಬರುವ ಪಲ್ಲವಿ. ಭಾಮಿನಿಯ ಅಭ್ಯಾಸದಲ್ಲಿ ಸಾಲಿನ ಕೊನೆಯನ್ನು ರಾಗಾಲಾಪಕ್ಕೆ ಎಳೆದರೆ ಇಲ್ಲಿ ಪ್ರಾಸವೇ ಕಿವಿಗೆ ಬೀಳುವುದಿಲ್ಲ. ಕೊನೆಯ ಗುರುವನ್ನು ಚೊಕ್ಕವಾಗಿ ಮುಗಿಸಿ, ಬಿಟ್ಟುಹೋದ ಹನ್ನೆರಡನೆಯ ಅಕ್ಷರದಷ್ಟು ಹೊತ್ತು ಸುಮ್ಮನಿದ್ದು, ಮುಂದಿನ ಸಾಲು ಹಿಡಿಯಿರಿ. ಆಲಾಪನೆ ಬೇಕಿದ್ದರೆ ದ್ವಿಪದಿ ಮುಗಿದ ಮೇಲೆ.