ಕಿಲೋಮೀಟರ್ ಏರಿಸಿದರೂ ಪೇಸ್ ಏರುತ್ತಿಲ್ಲ, ಯಾರಾದರೂ ದಾರಿ ಹೇಳಿ

ಉಣಕಲ್_ಓಟಗಾರ:
ವಾರವಾರ ಓಟ ಜಾಸ್ತಿ ಮಾಡುತ್ತಿದ್ದೇನೆ, ಪೇಸ್ (ಓಟದ ವೇಗ) ಮಾತ್ರ ಅಲ್ಲೇ ನಿಂತಿದೆ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಏರು ಬಂದರೆ ಕಾಲಲ್ಲಿ ಜೀವವೇ ಇರಲ್ಲ. ನಿದ್ದೆ, ಊಟ ಎಲ್ಲಾ ಸರಿ ಇದೆ. ಬಿಟ್ಟುಬಿಡೋಣ ಅನ್ನಿಸಿಬಿಟ್ಟಿದೆ.

ಗದಗ_ಗಾಲಿ:
ಫೆರಿಟಿನ್ ಮಾಡಿಸಿ, ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಸರಿ ಇದ್ದರೂ ಓಡುವವರಲ್ಲಿ ಕಬ್ಬಿಣದ ದಾಸ್ತಾನು ಕಡಿಮೆ ಇರಬಹುದು. ಊಟದ ಜೊತೆ ಚಹಾ ಕುಡಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ.

ಕೆಲಗೇರಿ_ರನ್ನರ್:
ಪೇಸ್ ಬಿಡಿ, ಹಾರ್ಟ್ ರೇಟ್ ಎಷ್ಟು? ವಾಚಿನದು ನಂಬಬೇಡಿ, ಕೆಲವೊಮ್ಮೆ ಹೆಜ್ಜೆ ಲೆಕ್ಕವನ್ನೇ ತೋರಿಸುತ್ತದೆ. ನಾನು ಹಾರ್ಟ್ ರೇಟ್ ಅಳೆಯೋ ಎದೆಪಟ್ಟಿ, ಶೂಗೆ ಹಾಕೋ ಫುಟ್‌ಪಾಡ್ ಎರಡೂ ತಗೊಂಡಿದ್ದೇನೆ. ಈಗ ಕಾರ್ಬನ್ ಪ್ಲೇಟ್ ಶೂ ಕೂಡ ಬಂದಿದೆ, ಸೂಪರ್!

ಉಣಕಲ್_ಓಟಗಾರ:
ಫೆರಿಟಿನ್ 64 ಬಂತು. ನಾರ್ಮಲ್ ಅಂದರು.

ಗದಗ_ಗಾಲಿ:
ಮೈಯಲ್ಲಿ ಉರಿಯೂತ ಇದ್ದರೆ ಫೆರಿಟಿನ್ ಸುಮ್ನೆ ಜಾಸ್ತಿ ತೋರಿಸುತ್ತದೆ. ಉರಿಯೂತ ಇದೆಯಾ ಅಂತ ತೋರಿಸುವ ಸಿಆರ್‌ಪಿ ರಕ್ತ ಪರೀಕ್ಷೆನೂ ಮಾಡಿಸಿ.

ಸಪ್ತಾಪುರದ_ಅಕ್ಕ:
ತಮ್ಮಾ, ಓಡೋ ಮೊದಲು ಏನು ತಿಂತೀಯಾ? ರಾತ್ರಿ?

ಉಣಕಲ್_ಓಟಗಾರ:
ಸಂಜೆ ಆರರ ಮೇಲೆ ಏನೂ ಇಲ್ಲ ಅಕ್ಕಾ. ಬೆಳಗ್ಗೆ ನೀರು ಕುಡಿದು ಓಟ. ಹನ್ನೊಂದಕ್ಕೆ ರೊಟ್ಟಿ ಪಲ್ಯ. ಖಾಲಿ ಹೊಟ್ಟೇಲಿ ಓಡಿದರೆ ಸ್ಟಾಮಿನಾ ಬರುತ್ತೆ ಅಲ್ವಾ?

ಸಪ್ತಾಪುರದ_ಅಕ್ಕ:
ಅರ್ಧ ನಿಜ. ಗ್ಲೈಕೋಜನ್ (ಮೈಯಲ್ಲಿ ಕೂಡಿಟ್ಟ ಸಕ್ಕರೆ) ಕಡಿಮೆ ಇದ್ದಾಗ ಓಡಿದರೆ ಸ್ನಾಯುವಿಗೆ ಶಕ್ತಿ ತಯಾರಿಸೋ ಮೈಟೋಕಾಂಡ್ರಿಯಾ ಹೆಚ್ಚಿಸು ಅನ್ನೋ ಸೂಚನೆ ಜೋರಾಗಿ ಹೋಗುತ್ತದೆ. ಆದರೆ ಅದರಿಂದ ರೇಸಿನ ಪೇಸ್ ಸುಧಾರಿಸುತ್ತದೆ ಅನ್ನೋದಕ್ಕೆ ಗಟ್ಟಿ ಪುರಾವೆ ಇಲ್ಲ. ವಾರಕ್ಕೆ ಒಂದೆರಡು ಹಗುರ ಓಟಕ್ಕೆ ಇರಲಿ. ಇಂಟರ್ವಲ್ (ಬಿಟ್ಟುಬಿಟ್ಟು ಜೋರಾಗಿ ಓಡೋದು), ಬೆಟ್ಟ, ಲಾಂಗ್ ರನ್ ಖಾಲಿ ಹೊಟ್ಟೇಲಿ ಬೇಡ. ಜೋರಾಗಿ ಓಡೋಕೇ ಆಗದಿದ್ದರೆ ಮೈ ಯಾವುದಕ್ಕೆ ಒಗ್ಗಬೇಕು ಹೇಳು? ಹಿಂದಿನ ರಾತ್ರಿ ರೊಟ್ಟಿ, ಅನ್ನ ಹೊಟ್ಟೆ ತುಂಬ ಉಣ್ಣು. ಬೆಳಗ್ಗೆ ಬಾಳೆಹಣ್ಣು. 90 ನಿಮಿಷ ಮೀರಿದ ಓಟಕ್ಕೆ ಗಂಟೆಗೆ 30ರಿಂದ 60 ಗ್ರಾಂ ಕಾರ್ಬ್ (ಸಕ್ಕರೆ, ಪಿಷ್ಟ) ಬೇಕು. ಬೆಲ್ಲದ ನೀರಿಗೆ ಚಿಟಿಕೆ ಉಪ್ಪು ಹಾಕಿದರೂ ನಡೆಯುತ್ತದೆ. ಓಡಿ ಬಂದ ಮೇಲೆ ಹನ್ನೊಂದರ ತನಕ ಕಾಯಬೇಡ, ಅವಲಕ್ಕಿ ಮೊಸರು ತಿನ್ನು. ಪ್ರೋಟೀನ್ ದಿನಕ್ಕೆ ತೂಕದ ಕಿಲೋಗೆ 1.2ರಿಂದ 1.6 ಗ್ರಾಂ ಇರಲಿ. ಓಡಿದಷ್ಟು ತಿನ್ನದೆ ತಿಂಗಳುಗಟ್ಟಲೆ ನಡೆಸಿದರೆ ಹಾರ್ಮೋನು, ಎಲುಬಿಗೂ ಪೆಟ್ಟು. 2014ರಲ್ಲಿ ಒಲಿಂಪಿಕ್ ಸಮಿತಿಯ ತಜ್ಞರು ಇದಕ್ಕೆ ರೆಡ್-ಎಸ್ ಅಂತ ಹೆಸರಿಟ್ಟರು. ಗಂಡಸರಿಗೂ ಆಗುತ್ತದೆ.

ಕೆಲಗೇರಿ_ರನ್ನರ್:
ಬೆಲ್ಲದ ನೀರು ಹೊಟ್ಟೆ ಕೆಡಿಸುತ್ತದೆ. ಓಟಗಾರರ ಸಕ್ಕರೆ ಜೆಲ್ ತಗೊಳ್ಳಿ.

ಹಾವೇರಿ_ಹಾದಿ:
ಜೆಲ್ ರೇಟ್ ನೋಡಿದ್ದೀರಾ ಸರ್? ಬೆಲ್ಲದಲ್ಲಿ ಇರೋದೂ ಸಕ್ಕರೆಯೇ. ಸ್ವಲ್ಪಸ್ವಲ್ಪ ಕುಡಿದು ರೂಢಿ ಮಾಡಿಕೊಂಡರೆ ಏನೂ ಆಗಲ್ಲ.

ಕೆಲಗೇರಿ_ರನ್ನರ್:
ಬಿಸಿಲಲ್ಲಿ 30 ಕಿಲೋಮೀಟರ್ ಓಡಿ, ಆಮೇಲೆ ಹೇಳಿ.

ಉಣಕಲ್_ಓಟಗಾರ:
ಅಕ್ಕಾ, ಭಾನುವಾರ ಲಾಂಗ್ ರನ್ ಇದೆ. ಶನಿವಾರ ಎಂಟಕ್ಕೆ ಉಂಡರೆ ಸಾಕಾ? ಬೆಳಗ್ಗೆ ಒಂದೇ ಬಾಳೆಹಣ್ಣಾ, ಎರಡಾ?

ಗದಗ_ಗಾಲಿ:
ಸಿಆರ್‌ಪಿ ಬಂದ ಮೇಲೆ ಇಲ್ಲೇ ಹಾಕಿ.