ಸಹಾಯ ಬೇಕು: ದಿನ ಲೆಕ್ಕ ಹಾಕುವುದನ್ನು ನಂಬಬಹುದಾ?

ಅಕ್ಕಂದಿರೇ, ನಾವು ಬದಿಯಡ್ಕದ ಹತ್ತಿರ ಇರುವುದು. ಮಗಳಿಗೆ ಒಂದು ವರ್ಷ ಎರಡು ತಿಂಗಳು, ಇನ್ನೂ ಹಾಲು ಕುಡಿಯುತ್ತಾಳೆ. ಸದ್ಯಕ್ಕೆ ಇನ್ನೊಂದು ಮಗು ಬೇಡ. ಮಾತ್ರೆ ನನಗೆ ಒಗ್ಗಲಿಲ್ಲ, ಕಾಪರ್-ಟಿ ಅಂದರೆ ಯಾಕೋ ಹೆದರಿಕೆ.

ಹಾಗಾಗಿ ನಾಲ್ಕು ತಿಂಗಳಿಂದ ದಿನ ಎಣಿಸುತ್ತಿದ್ದೇನೆ. ಮುಟ್ಟಾದ ದಿನಕ್ಕೆ ಅಡುಗೆಮನೆ ಕ್ಯಾಲೆಂಡರಿನಲ್ಲಿ ಪೆನ್ಸಿಲಿನ ಸಣ್ಣ ಚುಕ್ಕೆ, ಅತ್ತೆ ಅದನ್ನು ಹಾಲಿನ ಲೆಕ್ಕ ಅಂದುಕೊಂಡಿದ್ದಾರೆ. ಮೊದಲ ದಿನದಿಂದ ಎಣಿಸಿ 8ರಿಂದ 19ನೇ ದಿನದವರೆಗೆ ಸೇರಬಾರದು ಅಂತ ಓದಿದ್ದೆ. ಆದರೆ ಅದು 26ರಿಂದ 32 ದಿನಕ್ಕೊಮ್ಮೆ ಮುಟ್ಟಾಗುವವರಿಗೆ ಮಾತ್ರ. ಅವರಲ್ಲೂ ತಪ್ಪದೆ ಪಾಲಿಸಿದರೆ ವರ್ಷಕ್ಕೆ ನೂರರಲ್ಲಿ ಸುಮಾರು 5 ಜನರಿಗೆ, ಎಲ್ಲರೂ ಮಾಡುವ ಹಾಗೆ ಮಾಡಿದರೆ ಸುಮಾರು 12 ಜನರಿಗೆ ಗರ್ಭ ನಿಲ್ಲುತ್ತದಂತೆ. ನನ್ನದು 25, 36, 29 ದಿನ! ಫೋನಿನ ಆ್ಯಪ್ ಮಾತ್ರ ಅಂಡ ಬಿಡುಗಡೆಯ ದಿನ ಅಂತ ಸುಮ್ನೆ ಪ್ರತಿ ಸಲ 14ನೇ ದಿನವನ್ನೇ ತೋರಿಸುತ್ತದೆ.

ಬೆಳಗ್ಗೆ ಏಳುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿದೆ. ಮಗು ರಾತ್ರಿ ಮೂರು ಸಲ ಎಬ್ಬಿಸುವಾಗ ಅದೂ ಸರಿಯಾಗಿ ಸಿಗುವುದಿಲ್ಲ. ನನಗೆ ಅರ್ಥವಾಗದ್ದು ಇದು: ಮೈಬಿಸಿ ಏರುವುದು ಅಂಡ ಬಿಡುಗಡೆ ಆದ ಮೇಲೆ ಅಲ್ವಾ? ವೀರ್ಯ ಒಳಗೆ 5 ದಿನದವರೆಗೂ ಬದುಕಿರಬಹುದು ಅಂದರೆ ಅಂಡ ಬಿಡುಗಡೆಗೆ ಹಿಂದಿನ, ಸೇರಬಾರದ ದಿನಗಳು ಮೊದಲೇ ಹೇಗೆ ಗೊತ್ತಾಗಬೇಕು?

ಈ ತಿಂಗಳು ಇವತ್ತಿಗೆ 31ನೇ ದಿನ, ರಾತ್ರಿ ನಿದ್ದೆ ಬರುತ್ತಿಲ್ಲ.

ಹಾಲುಣಿಸುತ್ತಾ, ಮುಟ್ಟು ಹೀಗೆ ಹಿಂದೆಮುಂದೆ ಆಗುತ್ತಿದ್ದಾಗ ದಿನ ಎಣಿಸಿ ನಿಭಾಯಿಸಿದವರು ಯಾರಾದರೂ ಇದ್ದೀರಾ? ಅಥವಾ ಮುಟ್ಟು ಒಂದು ಹದಕ್ಕೆ ಬರುವವರೆಗೆ ಇದನ್ನು ಬಿಟ್ಟು ಕಾಂಡೋಮನ್ನೇ ಬಳಸಬೇಕಾ?